ಸಾಗರದ ಮಳೆಗೂ ಆರದ ಕಾಂಕ್ರೀಟ್ ದೀಪ: ನನ್ನ ಅನುಭವ

ಎರಡು ಮಳೆಗಾಲ ಕಳೆಯಿತು. ತೋಟದ ದಾರಿಗೆ ನಾನೇ ಕಾಂಕ್ರೀಟಿನಲ್ಲಿ ಹೊಯ್ದ ನಾಲ್ಕೂ ದೀಪ ಈಗಲೂ ಉರಿಯುತ್ತಿವೆ. ನಮ್ಮ ಮಲೆನಾಡಿನ ಸಾಗರದ ಮಳೆ ಗೊತ್ತಲ್ವಾ? "ಸಿಮೆಂಟು ನೀರು ಕುಡಿಯುತ್ತೆ, ಒಳಗೆ ಕರೆಂಟು ಬೇರೆ, ಆಗೋ ಕೆಲಸ ಅಲ್ಲ ಮಾರಾಯ್ರೇ" ಎಂದಿದ್ದ ಗಾರೆ ಮೇಸ್ತ್ರಿ ಈಗ ಮಗಳ ಮನೆಗೆ ಎರಡು ಬೇಕು ಅಂತ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಚ್ಚಿಗೆ ಆರಿಂಚಿನ ಪಿವಿಸಿ ಪೈಪು, ಎರಡಡಿ ತುಂಡು. ಉದ್ದಕ್ಕೆ ಸೀಳಿ, ಕ್ಲಿಪ್ ಬಿಗಿದು, ಒಳಗೆ ಹಳೇ ಆಯಿಲ್ ಸವರಿದ್ದು. ನಡುವೆ ವೈರಿಗೆ ಮುಕ್ಕಾಲಿಂಚಿನ ಪೈಪು. ಬೆಳಕಿನ ಗೂಡಿಗೆ ಥರ್ಮೋಕೋಲ್ ತುಂಡು ಇಟ್ಟು ಸುರಿದರೆ ಅದು ತೇಲಿಕೊಂಡು ಮೇಲೆ ಬಂತು, ಗೂಡು ಇರಬೇಕಾದಲ್ಲಿ ಗಟ್ಟಿ ಗೋಡೆ! ಆಮೇಲಿನಿಂದ ಹೊರಗಡೆಯಿಂದ ಸ್ಕ್ರೂ ಹಾಕಿ ಹಿಡಿಸುತ್ತೇನೆ.

ಎಲ್‌ಇಡಿ ಬಿಸಿ ಎಳೆಯಲಿ ಅಂತ ಅಲ್ಯೂಮಿನಿಯಂ ಪಟ್ಟಿಯನ್ನು ಕಾಂಕ್ರೀಟಿನಲ್ಲೇ ಹೂತೆ. ಹಸಿ ಸಿಮೆಂಟು ಅಲ್ಯೂಮಿನಿಯಂ ತಿನ್ನುತ್ತೆ. ಪಟ್ಟಿಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಲೇ ಇತ್ತು, ಬಿಚ್ಚಿ ನೋಡಿದರೆ ಸುತ್ತ ಎಲ್ಲ ತೂತು. ಈಗ ಪಟ್ಟಿ ಕೂರಿಸುವುದು ಪೂರ್ತಿ ಒಣಗಿದ ಮೇಲೆಯೇ.

ಮಿಕ್ಸು ಸುಮಾರು ಒಂದು ಪಾಲು ಸಿಮೆಂಟಿಗೆ ಒಂದೂವರೆ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಎರಡು ಬೇಬಿ ಜಲ್ಲಿ (ಸಣ್ಣ ಜಲ್ಲಿ). ನೀರು ಕಮ್ಮಿ. ಮರ ಉಜ್ಜುವ ಸ್ಯಾಂಡರ್ ಮಷೀನನ್ನು ಅಚ್ಚಿಗೆ ಒತ್ತಿ ಹಿಡಿದರೆ ಅದರ ಅದುರಿಗೆ ಗಾಳಿಗುಳ್ಳೆ ಹೋಗುತ್ತೆ. ಆಮೇಲೆ ಹತ್ತು ದಿನ ಒದ್ದೆ ಗೋಣಿಚೀಲ. ಒಂದೊಂದು 20-25 ಕೆಜಿ ತೂಗುತ್ತೆ, ಸೊಂಟ ಜೋಪಾನ.

ಅಸಲಿ ತಲೆನೋವು ನೀರು. ಮೊದಲಿನವಕ್ಕೆ ಹಾಲು ಬಣ್ಣದ ಅಕ್ರಿಲಿಕ್ ಮುಚ್ಚಿ ಸುತ್ತಲೂ ಸಿಲಿಕೋನ್ ಬಳಿದೆ. ಒಂದು ಹನಿ ಹೋಗಬಾರದು ಅಂತ. ಜುಲೈ ಮುಗಿಯುವಷ್ಟರಲ್ಲಿ ಒಳಗೆಲ್ಲ ಬೆವರು, ಎಲ್‌ಇಡಿ ಕಪ್ಪು. ಆ ಸಲ 1,800 ರೂಪಾಯಿ ಹತ್ತಿರ ಹೋಯಿತು. ತೇವ ನೆಲದಿಂದ ವೈರಿನ ಪೈಪಿನಲ್ಲೇ ಮೇಲೆ ಬರುತ್ತೆ, ಕಾಂಕ್ರೀಟಿನಿಂದಲೂ ಬರುತ್ತೆ. ಹಾಗಾಗಿ ತಡೆಯುವುದನ್ನೇ ಬಿಟ್ಟೆ. ಗೂಡಿನ ತಳ ಹೊರಕ್ಕೆ ಇಳಿಜಾರು ಬರುವಂತೆ ಥರ್ಮೋಕೋಲನ್ನೇ ಓರೆ ಕತ್ತರಿಸಿದೆ. ಅಕ್ರಿಲಿಕ್ಕಿನ ಮೂರು ಬದಿ ಅಂಟು, ಕೆಳಗೆ ಎರಡು ಮಿಲಿಮೀಟರ್ ಸಂದಿ. ಎಲ್‌ಇಡಿ ಗೂಡಿನ ಸೂರಿಗೆ, ಮುಖ ಕೆಳಗೆ. ನೀರು ಬಂದರೂ ನಿಲ್ಲುವುದಿಲ್ಲ. ಆ ಸಂದಿಯಲ್ಲಿ ಇರುವೆ ಗೂಡು ಕಟ್ಟದ ಹಾಗೆ ಏನು ತುರುಕಿದ್ದೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹುಳಿ ವಾಸನೆಯ ಸಿಲಿಕೋನ್ ಗಾಜಿಗೆ ಸರಿ, ಕಾಂಕ್ರೀಟಿಗೆ ಹಿಡಿಯಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತೆ. ನ್ಯೂಟ್ರಲ್ ಅಂತ ಕೇಳಿ ತನ್ನಿ, ಸ್ವಲ್ಪ ಜಾಸ್ತಿ ರೇಟು.

ವೈರಿಂಗ್ ಎಲ್ಲ 12 ವೋಲ್ಟ್, ಮನೆ ಕರೆಂಟನ್ನು ಅಷ್ಟಕ್ಕೆ ಇಳಿಸುವ ಎಸ್‌ಎಂಪಿಎಸ್ ಜಗಲಿ ಒಳಗೆ. ಕೊನೆಯ ದೀಪ ಮನೆಯಿಂದ 40 ಮೀಟರ್ ಇರಬಹುದು. ಒಂದು ಎಂಎಂ ವೈರಿನಲ್ಲಿ ಅದು ಮಂಕಾಗಿ ಉರಿಯುತ್ತಿತ್ತು, ಎರಡೂವರೆಗೆ ಬದಲಿಸಿದೆ. ತಾಮ್ರದ ರೇಟಿಗೆ ಜೇಬು ಹಗುರವಾಯಿತು ಬಿಡಿ. ವೈರು ಬಿಟ್ಟರೆ ಒಂದು ದೀಪಕ್ಕೆ 450-500 ಬೀಳುತ್ತೆ. ಅಂಗಡಿಯಲ್ಲಿ ಇದೇ ಅಳತೆಯದಕ್ಕೆ 2,800 ಹೇಳಿದ್ದರು, ಬಲ್ಬು ಬೇರೆ. ಬಿಳಿ ಬೆಳಕು ಬೇಡ, ಮಳೆಹುಳ ಮುತ್ತುತ್ತವೆ. ಹಳದಿಗೆ ಅಷ್ಟು ಬರಲ್ಲ.

ಪಾಚಿ ಹಿಡಿದರೆ ಚೆಂದ ಅಂತ ಸುಮ್ನೆ ಒಂದಕ್ಕೆ ಮಜ್ಜಿಗೆ ಬಳಿದು ನೋಡಿದೆ. ನಾಯಿ ನೆಕ್ಕಿ ಹೋಯಿತು. ಆಗಸ್ಟಿಗೆ ನಾಲ್ಕಕ್ಕೂ ಪಾಚಿ ಬಂತು, ನಮ್ಮೂರಲ್ಲಿ ಮಜ್ಜಿಗೆ ದಂಡ.

ಈಗ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಬೆರೆಸಿ ಎರಡು ಹೊಯ್ದಿದ್ದೇನೆ, ಸಿಮೆಂಟಿನ ತೂಕದ ನೂರಕ್ಕೆ ಐದು ಭಾಗದಷ್ಟು. ಬಣ್ಣ ಚೆನ್ನಾಗಿ ಕೂತಿದೆ. ಆದರೆ ಒಂದರ ಬುಡದಲ್ಲಿ ಬಿಳಿ ಉಪ್ಪು ಹೊಮ್ಮಿದೆ, ತೊಳೆದರೂ ಮತ್ತೆ ಬರುತ್ತಿದೆ. ಇದಕ್ಕೆ ಯಾರಾದರೂ ಮದ್ದು ಕಂಡುಕೊಂಡಿದ್ದರೆ ಹೇಳಿ.