ಹಿತ್ತಲಿಗೆ ಬೆಕ್ಕು ಬರದ ಹಾಗೆ ಮಾಡಿದ್ದು ಹೀಗೆ

ನಮ್ಮ ಹಿತ್ತಲಿಗೆ ಸುತ್ತಲೂ ಬೇಲಿ ಇದೆ. ಆದರೂ ಅಕ್ಕಪಕ್ಕದ ಬೆಕ್ಕುಗಳು ದಿನಾ ಬಂದು ಕೊತ್ತಂಬರಿ ಮಡಿ ಕೆದಕಿ ಗಲೀಜು ಮಾಡುತ್ತಿದ್ದವು. ಬೇಲಿ ಎತ್ತರಿಸಿದರೂ ಬೆಕ್ಕು ಹತ್ತಿಯೇ ಹತ್ತುತ್ತದೆ. ಅವಕ್ಕೆ ಬೇಕಿದ್ದದ್ದು ಸಡಿಲವಾದ ಒಣ ಮಣ್ಣು. ಅದೇ ಸಿಗದ ಹಾಗೆ ಮಾಡಿದೆ.

ಮೊದಲು ಹಳೇ ಗಲೀಜನ್ನು ಮಣ್ಣಿನ ಸಮೇತ ತೆಗೆದೆ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತವೆ. ಬೀಜ ಹಾಕಿದ ಮಡಿಗಳ ಮೇಲೆ ಚಿಕನ್ ಮೆಶ್ (ಕೋಳಿಗೂಡಿಗೆ ಹಾಕುವ ತಂತಿ ಬಲೆ) ಹಾಸಿ, ಅಂಚಿಗೆ ಕಲ್ಲು ಇಟ್ಟೆ. ಸೊಪ್ಪು ಅದರ ಕಿಂಡಿಗಳಲ್ಲೇ ಆರಾಮಾಗಿ ಮೇಲೆ ಬರುತ್ತದೆ. ಉಳಿದ ಕಡೆ ತೆಂಗಿನಕಾಯಿ ಸಿಪ್ಪೆ ಒತ್ತೊತ್ತಾಗಿ ಜೋಡಿಸಿದೆ. ಮಡಿಗಳು ಈಗ ಚೊಕ್ಕಟವಾಗಿವೆ.

ಫಿನಾಯಿಲ್, ನುಸಿಗುಳಿಗೆ ಮಾತ್ರ ದಯವಿಟ್ಟು ಹಾಕಬೇಡಿ. ಪಾದಕ್ಕೆ ಅಂಟಿದ್ದನ್ನು ಬೆಕ್ಕು ನೆಕ್ಕುತ್ತದೆ, ಅದು ವಿಷ. ಪಾಪ, ಜಾಗ ಹುಡುಕಿಕೊಂಡು ಬಂದದ್ದು ಅಷ್ಟೇ ಅಲ್ವಾ?