ರಿಸೀವರ್ ಡಿಸ್ಪ್ಲೇ ಏನ್ ಹೇಳ್ತದ ಅದನ್ನ ಮೊದ್ಲ ಓದ್ರಿ: ನನ್ನ ಸರೌಂಡ್ ಸೌಂಡ್ ಅನುಭವ

ನಮ್ಮ ಮನಿ ಧಾರವಾಡದ ಮಾಳಮಡ್ಡಿಯೊಳಗ ಅದ, ಹಳೇ ಮನಿ, ಮ್ಯಾಲೆ ಮಂಗಳೂರು ಹೆಂಚು, ಕೆಳಗ ಶಹಾಬಾದ ಫರಶಿ. ಪಡಸಾಲಿಯೊಳಗ ಐದು ಸ್ಪೀಕರ್, ದಪ್ಪ ಸೌಂಡಿಗೆ ಒಂದು ಸಬ್‌ವೂಫರ್, ಸೌಂಡ್ ತಗೊಂಡು ಎಲ್ಲಾ ಸ್ಪೀಕರಿಗೆ ಹಂಚೋ ಒಂದು ಸೆಕೆಂಡ್ ಹ್ಯಾಂಡ್ ಎವಿ ರಿಸೀವರ್ ಹಚ್ಚಿ ಎಂಟು ತಿಂಗಳ ಸಿನೆಮಾ ನೋಡಿದ್ವಿ. ಐದೂ ಸ್ಪೀಕರಿಂದ ಸೌಂಡ್ ಬರ್ತಿತ್ತು, ಇದ ಸರೌಂಡ್ ಅಂತ ತಿಳ್ಕೊಂಡಿದ್ದೆ. ಒಂದಿನ ರಾತ್ರಿ ಮಗಳು ಬಾಜೂಕ ಕೂತು, "ಅಪ್ಪಾ, ಆ ಮನಿಷ್ಯಾ ಟಿವ್ಯಾಗ ಮುಂದ ನಿಂತಾನ, ಮತ್ತ ನಮ್ಮ ಹಿಂದ ಯಾಕ ಮಾತಾಡ್ಲಿಕತ್ತಾನ?" ಅಂತ ಕೇಳಿದ್ಳು. ನಾನೂ ಕಿವಿ ಕೊಟ್ಟು ಕೇಳಿದೆ. ಖರೇನ, ಹಿಂದಿನ ಸ್ಪೀಕರಿನ್ಯಾಗೂ ಅದ ಮಾತು, ಅದ ಹಾಡು.

ಎದ್ದು ಹೋಗಿ ರಿಮೋಟಿನ ಇನ್‌ಫೋ ಬಟನ್ ಒತ್ತಿದೆ. ಡಿಸ್ಪ್ಲೇ ಮ್ಯಾಲೆ ಬಂದ ಸಿಗ್ನಲ್ ಪಿಸಿಎಂ (ಸಣ್ಣ ಮಾಡಲಾರದ ಸಾದಾ ಡಿಜಿಟಲ್ ಸೌಂಡ್), ಎರಡ ಚ್ಯಾನಲ್. ಮೋಡ್ ಮಲ್ಟಿ ಚ್ಯಾನಲ್ ಸ್ಟೀರಿಯೋ. ಅಂದ್ರ ರಿಸೀವರಿಗೆ ಬರೋದ ಬರೇ ಎಡ-ಬಲ, ಅದನ್ನ ಅದು ಐದೂ ಸ್ಪೀಕರಿಗೆ ಕಾಪಿ ಮಾಡಿ ಹಂಚ್ಲಿಕತ್ತಿತ್ತು. ಸಿನೆಮಾದಾಗ 5.1 ಇತ್ತು, ಮನಿಯೊಳಗ 5.1 ಸ್ಪೀಕರ್ ಇದ್ವು, ನಡುವ ಎಲ್ಲೋ ಅದು ಎರಡಾಗಿ ಬಿಟ್ಟಿತ್ತು. ಎಲ್ಲಿ ಅಂತ ಹುಡುಕ್ಲಿಕ್ಕೆ ಹೋಗಿನ ಈ ಫಾರ್ಮ್ಯಾಟ್ ಅನ್ನೋದು ನನಗ ನೆಟ್ಟಗ ತಿಳಿದದ್ದು.

ಮೊದ್ಲ ಬಿಡಿಸ್ಕೋಬೇಕಾದ ಗಂಟು ಇದು. ಚ್ಯಾನಲ್ ಎಷ್ಟು ಅನ್ನೋದು ಬ್ಯಾರೆ, ಅದನ್ನ ಯಾವ ಡಬ್ಬಿಯೊಳಗ ಕಟ್ಟಿ ಕಳಿಸ್ಯಾರ ಅನ್ನೋದು ಬ್ಯಾರೆ, ರಿಸೀವರ್ ಅದನ್ನ ಬಿಚ್ಚಿ ಹ್ಯಾಂಗ ಬಡಿಸ್ತದ ಅನ್ನೋದು ಇನ್ನೂ ಬ್ಯಾರೆ. 5.1 ಅಂದ್ರ ಮುಂದ ಮೂರು, ಬಾಜೂಕ ಎರಡು, ಮತ್ತ .1 ಅಂದ್ರ 120 ಹರ್ಟ್ಜ್‌ವರೆಗಿನ ದಪ್ಪ ಸೌಂಡಿಗೆ ಇಟ್ಟ ಒಂದು ಚ್ಯಾನಲ್. ಡಾಲ್ಬಿ ಡಿಜಿಟಲ್, ಡಿಟಿಎಸ್ ಇವು ಡಬ್ಬಿ ಹೆಸರು. ಮಲ್ಟಿ ಚ್ಯಾನಲ್ ಸ್ಟೀರಿಯೋ, ಡೈರೆಕ್ಟ್ (ಬಂದದ್ದನ್ನ ಬಂದಂಗ ಬಿಡೋದು), ಡಾಲ್ಬಿ ಸರೌಂಡ್ (ಎರಡ ಚ್ಯಾನಲ್ಲನ್ನ ಎಲ್ಲಾ ಸ್ಪೀಕರಿಗೆ ಹಿಗ್ಗಿಸೋದು) ಇವು ಬಡಿಸೋ ರೀತಿ. ಅಂಗಡಿಯೊಳಗ ಈ ಮೂರನ್ನೂ ಕೂಡಿಸಿ ಒಂದ ಉಸುರಿನ್ಯಾಗ ಹೇಳ್ತಾರ, ತಗೊಳ್ಳೋರಿಗೆ ಗೊಂದಲ ಆಗೋದು ಅಲ್ಲೇ. ವಿಸಿಡಿ ಕಾಲದಾಗ ಹುಬ್ಬಳ್ಳಿ ದುರ್ಗದ ಬೈಲ್ ಕಡೆಯಿಂದ ಡಿಸ್ಕ್ ತಂದು ಗೆಳ್ಯಾನ ಮನಿಯೊಳಗ ಆರು ಪೆಟ್ಟಿಗಿ ಸೆಟ್ಟಿನ ಮ್ಯಾಲೆ ಹಚ್ಚಿ ಕೇಳ್ತಿದ್ವಿ, ಆದ್ರ ವಿಸಿಡಿಯೊಳಗ ಇದ್ದದ್ದ ಸೆಕೆಂಡಿಗೆ 224 ಕಿಲೋಬಿಟ್ಟಿನ ಎರಡು ಚ್ಯಾನಲ್.

ಡಬ್ಬಿಗಳ ಕಥಿ ಲಗೂ ಹೇಳ್ತೀನಿ. ಡಾಲ್ಬಿ ಡಿಜಿಟಲ್ ಥಿಯೇಟರಿಗೆ ಬಂದದ್ದು 1992ರಾಗ, ಡಿಟಿಎಸ್ ಮರುವರ್ಷ 1993ರಾಗ. ಎರಡೂ ಕಿವಿಗೆ ಗೊತ್ತಾಗಂಗಿಲ್ಲ ಅನ್ನೋ ಭಾಗ ತಗದು ಸಣ್ಣ ಮಾಡ್ತಾವ. ಡಿವಿಡಿಯೊಳಗ ಡಾಲ್ಬಿ ಡಿಜಿಟಲ್ 448 ಕಿಲೋಬಿಟ್‌ವರೆಗೆ, ಡಿಟಿಎಸ್ 768 ಇಲ್ಲಾ 1509. ಬ್ಲೂ-ರೇ ಬಂದ ಮ್ಯಾಲೆ ಡಾಲ್ಬಿಯ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಬಂದ್ವು, ಇವು ಏನೂ ತಗದು ಒಗಿಯೋದಿಲ್ಲ, ಬಿಚ್ಚಿದ್ರ ಸ್ಟುಡಿಯೋದಾಗ ಇದ್ದದ್ದು ಬಿಟ್ಟಿಗೆ ಬಿಟ್ ಸಿಗ್ತದ, ಅದಕ್ಕ ಸೆಕೆಂಡಿಗೆ ಒಂದು 18 ಮೆಗಾಬಿಟ್, ಇನ್ನೊಂದು 24.5 ಮೆಗಾಬಿಟ್‌ವರೆಗೆ ತಿಂತದ. ಓಟಿಟಿ ಆ್ಯಪಿನ್ಯಾಗ ಇಷ್ಟ ಜಾಗಾ ಯಾರೂ ಕೊಡೋದಿಲ್ಲ, ಅಲ್ಲಿ ಹೆಚ್ಚಾಗಿ ಹಳೇ ಡಾಲ್ಬಿ ಡಿಜಿಟಲ್ಲಿನ ಸುಧಾರಿಸಿದ ರೂಪ, ಡಾಲ್ಬಿ ಡಿಜಿಟಲ್ ಪ್ಲಸ್.

ಈಗ ನನ್ನ ಮನಿಯೊಳಗ ಆಗಿದ್ದೇನಂದ್ರ, ಸೆಟ್ ಟಾಪ್ ಬಾಕ್ಸು, ಬ್ಲೂ-ರೇ ಪ್ಲೇಯರು ಎಲ್ಲಾ ಟಿವಿಗೆ ಎಚ್‌ಡಿಎಂಐಲೆ ಹಾಕಿ, ಟಿವಿಯಿಂದ ರಿಸೀವರಿಗೆ ಒಂದು ಆಪ್ಟಿಕಲ್ ಕೇಬಲ್ ಎಳದಿದ್ದೆ. ಆಪ್ಟಿಕಲ್ ವಾಯರಿನ್ಯಾಗ ಹೋಗೋದು ಎರಡು ಚ್ಯಾನಲ್ ಪಿಸಿಎಂ, ಇಲ್ಲಾ ಹಳೇ ಡಾಲ್ಬಿ ಡಿಜಿಟಲ್, ಹಳೇ ಡಿಟಿಎಸ್ 5.1, ಇಷ್ಟ. ಪ್ಲಸ್ ಹೋಗೋದಿಲ್ಲ, ಟ್ರೂಎಚ್‌ಡಿ ಹೋಗೋದಿಲ್ಲ. ಅದರ ಮ್ಯಾಲೆ ನಮ್ಮ ಟಿವಿ ಎಚ್‌ಡಿಎಂಐಯಿಂದ ಬಂದ ಸೌಂಡನ್ನ ಆಪ್ಟಿಕಲ್‌ಗೆ ಬಿಡೋ ಮುಂದ ಎರಡ ಚ್ಯಾನಲ್ ಮಾಡ್ತಿತ್ತು, ಇಂಥಾ ಟಿವಿ ಭಾಳ ಅವ. ಸಾಲದ್ದಕ್ಕ ಟಿವಿ ಸೆಟ್ಟಿಂಗಿನ್ಯಾಗ ಡಿಜಿಟಲ್ ಸೌಂಡ್ ಔಟ್ ಅನ್ನೋದು ಪಿಸಿಎಂ ಮ್ಯಾಲೆ ಇತ್ತು.

ಆ ಆಪ್ಟಿಕಲ್ ತಗದು, ಟಿವಿಯ ಆರ್ಕ್ (ಟಿವಿಯ ಸೌಂಡನ್ನ ಎಚ್‌ಡಿಎಂಐ ಕೇಬಲ್ಲಿಲೆ ರಿಸೀವರಿಗೆ ಕಳಿಸೋ ದಾರಿ) ಅಂತ ಬರದ ಎಚ್‌ಡಿಎಂಐ ಪೋರ್ಟಿನಿಂದ ರಿಸೀವರಿನ ಆರ್ಕ್ ಪೋರ್ಟಿಗೆ ಒಂದ ಕೇಬಲ್ ಹಾಕಿದೆ, ಟಿವಿಯೊಳಗ ಪಿಸಿಎಂ ಬಿಟ್ಟು ಪಾಸ್ ಥ್ರೂ (ಬಂದದ್ದನ್ನ ಹಂಗ ದಾಟಿಸೋದು) ಮಾಡಿದೆ, ಪ್ಲೇಯರಿನ್ಯಾಗ ಬಿಟ್‌ಸ್ಟ್ರೀಮ್ (ಡಬ್ಬಿ ಬಿಚ್ಚಲಾರದ ಕಳಿಸೋದು) ಮಾಡಿದೆ, ಪ್ಲೇಯರಿನ ಸೆಕೆಂಡರಿ ಆಡಿಯೋ (ಮೆನು ಸೌಂಡ್, ಕಾಮೆಂಟರಿ ಕೂಡಿಸೋದು) ಬಂದ್ ಮಾಡಿದೆ, ಯಾಕಂದ್ರ ಅದು ಚಾಲೂ ಇದ್ರ ಬ್ಲೂ-ರೇದ ದೊಡ್ಡ ಫಾರ್ಮ್ಯಾಟ್ ಹಂಗ ಹೊರಗ ಬರೋದಿಲ್ಲ. ಆ್ಯಪ್ ಹಚ್ಚಿದ್ರ ಡಿಸ್ಪ್ಲೇದಾಗ ಡಾಲ್ಬಿ ಡಿಜಿಟಲ್ ಪ್ಲಸ್ ಅಂತ ಬಂತು ನೋಡ್ರಿ, ಆ ಅಕ್ಷರ ನೋಡಿ ನನಗಾದ ಖುಷಿ ಹೇಳ್ಲಿಕ್ಕಾಗೋದಿಲ್ಲ. ಮಾತು ನಡುವಿನ ಸ್ಪೀಕರಿಗೆ ಹೋಗಿ ಕೂತ್ವು, ಮಳಿ ಸೀನಿನ್ಯಾಗ ಬರೇ ಮಳಿ ಹಿಂದ ಸುರೀತು, ಮಗಳು ತಿರುಗಿ ಕಿಡಕಿ ಕಡೆ ನೋಡಿದ್ಳು.

ಆಮ್ಯಾಲೆ ಪ್ಲೇಯರನ್ನ ಟಿವಿಯಿಂದ ಕಿತ್ತು ಸೀದಾ ರಿಸೀವರಿಗೇ ಹಾಕಿದೆ. ನನ್ನ ಪ್ರಕಾರ ಹೊಸದಾಗಿ ಹಚ್ಚೋರು ಮೊದ್ಲ ಮಾಡ್ಬೇಕಾದ ಕೆಲಸ ಇದ. ಕೆಲವು ಟಿವಿ ಡಿಟಿಎಸ್ ದಾಟಿಸೋದ ಇಲ್ಲ, ಪೆನ್ ಡ್ರೈವಿನ ಫೈಲ್ ಹಚ್ಚಿದ್ರ ಚಿತ್ರ ಬರ್ತದ, ಸೌಂಡ್ ಇಲ್ಲ, ಜನಾ ಫೈಲ್ ಕೆಟ್ಟದ ಅಂತ ತಿಳೀತಾರ. ಟಿವಿಯನ್ನ ದಾರಿಯಿಂದ ತಗದ್ರ ಆ ತ್ರಾಸ ಅಲ್ಲಿಗೇ ಮುಗೀತು.

ಇನ್ನ ಡಾಲ್ಬಿ ಅಟ್ಮಾಸ್, ತಲಿ ಮ್ಯಾಲಿಂದನೂ ಸೌಂಡ್ ಕೇಳಿಸೋ ಪದ್ಧತಿ. ಇದು ಥಿಯೇಟರಿಗೆ 2012ರಾಗ, ಮನಿಗೆ 2014ರಾಗ ಬಂತು, ಡಿಟಿಎಸ್‌ನವರ ಇಂಥಾದ್ದ ಡಿಟಿಎಸ್:ಎಕ್ಸ್ 2015ರಾಗ. ಹಳೇದ್ರಾಗ ಸೌಂಡು ಚ್ಯಾನಲ್ಲಿಗೆ ಅಂಟ್ಕೊಂಡಿರ್ತದ, ಇದ್ರಾಗ ಹೆಲಿಕಾಪ್ಟರಿನ ಸೌಂಡ್ ಒಂದು ಆಬ್ಜೆಕ್ಟ್, ಅದು ಖೋಲಿಯೊಳಗ ಎಲ್ಲಿರಬೇಕು ಅನ್ನೋ ಗುರ್ತು ಜೊತಿಗೇ ಬರ್ತದ, ನಿಮ್ಮ ಮನಿಯೊಳಗ ಎಷ್ಟು ಸ್ಪೀಕರ್ ಅವ ನೋಡಿ ರಿಸೀವರ್ ಅಲ್ಲೇ ಲೆಕ್ಕ ಹಾಕ್ತದ. ಅಟ್ಮಾಸ್ ಅನ್ನೋದು ತಾನ ಒಂದು ಡಬ್ಬಿ ಅಲ್ಲ, ಬ್ಲೂ-ರೇದಾಗ ಟ್ರೂಎಚ್‌ಡಿ ಮ್ಯಾಲೆ ಕೂತು ಬರ್ತದ, ಆ್ಯಪಿನ್ಯಾಗ ಡಾಲ್ಬಿ ಡಿಜಿಟಲ್ ಪ್ಲಸ್ ಮ್ಯಾಲೆ. ಇದು ಗೊತ್ತಿಲ್ದ ನಾ ದುಡ್ಡು ಕಳಕೊಳ್ತಿದ್ದೆ. ಒಬ್ಬ ಅಂಗಡ್ಯಾಂವ ಅಟ್ಮಾಸ್ ಬೇಕಂದ್ರ ಇ-ಆರ್ಕ್ (ಆರ್ಕಿನ ಹೊಸಾ, ದೊಡ್ಡ ರೂಪ) ಬೇಕಬೇಕು, ಟಿವಿ ರಿಸೀವರ್ ಎರಡೂ ಬದಲಾಯಿಸ್ರಿ ಅಂದಿದ್ದ. ಆ್ಯಪಿನ ಅಟ್ಮಾಸಿಗೆ ಸಾದಾ ಆರ್ಕ್ ಸಾಕು, ಟಿವಿ ಅದನ್ನ ದಾಟಿಸಿದ್ರ ಆತು. ಇ-ಆರ್ಕ್ ಸೆಕೆಂಡಿಗೆ 37 ಮೆಗಾಬಿಟ್‌ವರೆಗೆ ಒಯ್ತದ, ಟಿವಿ ಮುಖಾಂತರ ಟ್ರೂಎಚ್‌ಡಿ ಕಳಿಸಬೇಕಂದ್ರ ಅದು ಬೇಕು, ಪ್ಲೇಯರ್ ಸೀದಾ ರಿಸೀವರಿಗೇ ಇದ್ರ ಅದರ ಅಗತ್ಯನ ಇಲ್ಲ. ನನ್ನ ಹಳೇ ರಿಸೀವರ್ ಏಳು ಚ್ಯಾನಲ್ಲಿಂದು, ಅಟ್ಮಾಸ್ ಬಿಚ್ಚತಿತ್ತು, ಎರಡು ಸ್ಪೀಕರ್ ಕೂಡಿಸಿದ್ರ 5.1.2. ಕಡೀ ಅಂಕಿ ಮ್ಯಾಲಿನ ಸ್ಪೀಕರ್ ಎಷ್ಟು ಅಂತ ಹೇಳ್ತದ.

ಸೌಂಡನ್ನ ಛತ್ತಿಗೆ ಹೊಡದು ಕೆಳಗ ಇಳಿಸೋ ಸ್ಪೀಕರ್ ಸಿಗ್ತಾವ, ಗೆಳ್ಯಾನಿಂದ ಒಂದು ಜೋಡಿ ತಂದು ನೋಡಿದೆ, ನಮ್ಮಲ್ಲಿ ಕೆಲಸ ಆಗ್ಲಿಲ್ಲ. ಅವಕ್ಕ ಸಪಾಟ ಛತ್ತು ಬೇಕು, ನಮ್ಮಲ್ಲಿ ಇಳಿಜಾರ ಹೆಂಚು, ಸೌಂಡ್ ಎಲ್ಲೆಲ್ಲೋ ಹೋತು. ಕಡೀಕ ಎರಡು ಸಣ್ಣ ಸ್ಪೀಕರ್ ತಂದು ಅಡ್ಡ ಜಂತಿಗೆ, ಕೂಡೋ ಜಾಗಾಕಿಂತ ಒಂದೀಟ ಮುಂದ, ಗಟ್ಟಿ ಬ್ರ್ಯಾಕೆಟ್ ಹಾಕಿ ಕೂಡಿಸಿದೆ.

ಆದ್ರ ನಾ ಖರೇ ಹೇಳ್ಬೇಕಂದ್ರ, ಜಂತಿ ಮ್ಯಾಲಿನ ಸ್ಪೀಕರ್‌ಕಿಂತ ದೊಡ್ಡ ಫರಕ ಆದದ್ದು ಖೋಲಿ ಸುಧಾರಿಸಿದ ಮ್ಯಾಲೆ. ಫರಶಿ ಮ್ಯಾಲೆ ನಿಂತು ಚಪ್ಪಾಳಿ ಹೊಡದ್ರ ಟರ್ರ್ ಅಂತ ತಿರುಗಿ ಬರ್ತಿತ್ತು, ಮಾತೆಲ್ಲಾ ಅದರಾಗ ಕಲಸಿ ಹೋಗ್ತಿತ್ತು. ಟ್ರಂಕಿನ್ಯಾಗ ಇದ್ದ ನವಲಗುಂದ ಜಮಖಾನಿ ಸೋಫಾದ ಮುಂದ ಹಾಸಿದೆ, ಎಡಗೋಡಿಗೆ ಬಲಗೋಡಿಗೆ ಅವ್ವ ಹೊಲದ ಎರಡು ದಪ್ಪನ ಕೌದಿ ಗೋಡಿಗೆ ಹತ್ತಿಸಲಾರದ ನಾಲ್ಕು ಬೆರಳ ಬಿಟ್ಟು ತೂಗು ಹಾಕಿದೆ. ಜಾಗಾ ಹುಡುಕಿದ್ದು ಹಿಂಗ, ನಾ ಸೋಫಾದ ಮ್ಯಾಲೆ ಕೂತೆ, ಮಗಳು ಗೋಡಿಗುಂಟ ಕನ್ನಡಿ ಹಿಡಕೊಂಡು ನಡದ್ಳು, ಎಲ್ಲಿ ಕನ್ನಡಿಯೊಳಗ ಮುಂದಿನ ಸ್ಪೀಕರ್ ಕಂಡಿತೋ ಅಲ್ಲೇ ಕೌದಿ, ಯಾಕಂದ್ರ ಸೌಂಡ್ ಗೋಡಿಗೆ ಬಡದು ಕಿವಿಗೆ ಬರೋದು ಅಲ್ಲಿಂದನ. ಸಿನೆಮಾದ ಮಾತು ತಿಳೀವಲ್ದು ಅಂತ ವಾಲ್ಯೂಮ್ ಏರಿಸೋ ರೂಢಿ ಅವತ್ತಿಗೆ ಬಿಟ್ಟು ಹೋತು.

ಸೋಫಾ ಗೋಡಿಗೆ ಹತ್ತಿತ್ತು, ಎರಡೂವರಿ ಅಡಿ ಮುಂದ ಎಳದೆ. ಮುಂದಿನ ಎಡ-ಬಲ ಸ್ಪೀಕರ್ ನಡುವಿಂದ 30 ಡಿಗ್ರಿಕ್ಕ, ಬಾಜೂದವು 110ರಿಂದ 120 ಡಿಗ್ರಿಯೊಳಗ, ಅಂದ್ರ ಕಿವಿಕಿಂತ ಒಂದೀಟ ಹಿಂದ. ಆಮ್ಯಾಲೆ ಮೈಕ್ ಇಟ್ಟು ರಿಸೀವರಿನ ಆಟೋ ಸೆಟಪ್ ಮಾಡೋದು. ನಾ ಅದನ್ನ ನಸುಕಿನ್ಯಾಗ ಐದಕ್ಕ, ಹಾಲಿನಾಂವ ಬರೂಕಿಂತ ಮೊದ್ಲ, ಫ್ಯಾನ್ ಬಂದ್ ಮಾಡಿ ಮಾಡಿದೆ, ಮೈಕ್ ಕಿವಿ ಎತ್ತರಕ್ಕ. ಸೌಂಡ್ ಒಂದು ಅಡಿ ದಾಟ್ಲಿಕ್ಕೆ 0.9 ಮಿಲಿಸೆಕೆಂಡ್ ಹತ್ರ ತಗೊಳ್ತದ, ಹತ್ರದ ಸ್ಪೀಕರನ್ನ ತಡ ಮಾಡಿ ಎಲ್ಲಾ ಒಮ್ಮೆ ಕಿವಿಗೆ ಮುಟ್ಟಂಗ ಅದು ಹೊಂದಿಸ್ತದ. ಸಬ್‌ವೂಫರ್ ಒಂಬತ್ತು ಅಡಿ ದೂರ ಇದ್ರೂ ಹದಿಮೂರು ಅಂತ ತೋರಿಸ್ತು, ಸಬ್ಬಿನ ಒಳಗಿನ ಸರ್ಕ್ಯೂಟಿನ ತಡಾನೂ ಕೂಡಿಸಿ ಹೇಳ್ತದ, ಅದನ್ನ ತಿದ್ದಬ್ಯಾಡ್ರಿ. ಸ್ಪೀಕರ್ ಎಲ್ಲಾ ಸ್ಮಾಲ್, ಕ್ರಾಸ್‌ಓವರ್ 80 ಹರ್ಟ್ಜ್ (ಅದಕ್ಕಿಂತ ಕೆಳಗಿನ ದಪ್ಪ ಸೌಂಡ್ ಸಬ್ಬಿಗೆ ಹೋಗ್ತದ), ಅಷ್ಟ ಬದಲ ಮಾಡಿದೆ.

ರಾತ್ರಿ ಹತ್ತರ ಮ್ಯಾಲೆ ನೈಟ್ ಮೋಡ್, ಅದು ಸ್ಫೋಟ ತಗ್ಗಿಸಿ ಮಾತು ಎತ್ತತದ, ಬಾಜೂ ಮನ್ಯಾಗ ಪರೀಕ್ಷಾ ಓದೋ ಹುಡುಗ ಇದ್ದಾನ.

ಅಪ್ಪಾಗ ಸಿನೆಮಾ ಬ್ಯಾಡ, ಮುಂಜಾನೆ ಚಹಾದ ಜೊತಿ ಮಲ್ಲಿಕಾರ್ಜುನ ಮನ್ಸೂರರ ಗಾಯನ ಬೇಕು. ಮೊದ್ಲ ಡಾಲ್ಬಿ ಸರೌಂಡ್ ಮೋಡಿನ್ಯಾಗ ಕೇಳಿಸಿದೆ, ತಂಬೂರಿ ಹಿಂದಿನ ಸ್ಪೀಕರಿಗೂ ಹರದು ದನಿ ತೆಳ್ಳಗ ಆತು, ಅಪ್ಪಾ ಕಪ್ಪು ಕೆಳಗಿಟ್ಟು "ತಮ್ಮಾ, ಬುವಾ ಒಂದ ಕಡೆ ಕೂತು ಹಾಡ್ತಿದ್ರು" ಅಂದ. ಈಗ ದಿನಾ ಮುಂಜಾನೆ ಡೈರೆಕ್ಟ್ ಒತ್ತಿ, ಡಿಸ್ಪ್ಲೇದಾಗ ಸ್ಟೀರಿಯೋ ಅಂತ ಬಂದದ್ದು ನೋಡಿ, ಆಮ್ಯಾಲೆ ಪ್ಲೇ ಮಾಡ್ತೀನಿ. ಮುಂದಿನ ಎರಡ ಸ್ಪೀಕರ್ ಹಾಡ್ತಾವ.