ಒಮಾನಿನ ಫರ್ಮಾನು ಓದುವುದು ಹೇಗೆ?

ಮಗನೋ ಅಳಿಯನೋ ಮಸ್ಕತ್‌ನಲ್ಲಿರುವ ಮನೆಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. ‘ಒಮಾನಿನಲ್ಲಿ ಹೊಸ ಕಾನೂನು ಬಂತಂತೆ’ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ತೇಲಿ ಬಂದ ದಿನ ಆ ಮನೆಗಳಲ್ಲಿ ಊಟ ರುಚಿಸುವುದಿಲ್ಲ. ಕಾನೂನು ಮಾಡಿದವರು ಯಾರು, ಎಂದಿನಿಂದ ಜಾರಿ, ನಮಗೆ ಅನ್ವಯಿಸುತ್ತದೆಯೇ ಎಂದು ಕೇಳಿದರೆ ‘ರಾಜ ಹೇಳಿದ್ದೇ ಕಾನೂನು’ ಎಂದು ಕೈಚೆಲ್ಲುವವರೇ ಹೆಚ್ಚು. ಅದು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಒಂದು ಕಾಗದವನ್ನು ಕೈಯಲ್ಲಿ ಹಿಡಿದು, ಅದು ಬಂದ ದಾರಿಯನ್ನೂ ಹೋಗುವ ದಾರಿಯನ್ನೂ ನಡೆದು ನೋಡಬೇಕು.

ಮೊದಲು ಸಂಖ್ಯೆ

ಸುಲ್ತಾನರ ಫರ್ಮಾನಿಗೆ ಅರಬ್ಬಿಯಲ್ಲಿ ‘ಮರ್ಸೂಮ್ ಸುಲ್ತಾನಿ’ ಎಂದು ಹೆಸರು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಓರೆಗೆರೆ, ಇಸವಿ ಇರುತ್ತವೆ. 53/2023 ಎಂದರೆ ಆ ವರ್ಷದ 53ನೆಯ ಫರ್ಮಾನು. ಈಗಿನ ಕಾರ್ಮಿಕ ಕಾನೂನು ಅದೇ. 121/2020 ಶೇ 5ರ ವ್ಯಾಟ್ ತಂದಿತು. 56/2025 ತಂದದ್ದು ಆದಾಯ ತೆರಿಗೆ: 2028ರಿಂದ, ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯದ ಮೇಲೆ ಶೇ 5. ಸಂಖ್ಯೆಯೇ ಇಲ್ಲದ ಸುದ್ದಿ ಬಂದರೆ ಗಾಳಿಮಾತೆಂದು ಬದಿಗಿಡಿ. ಸಂಖ್ಯೆ ಇದ್ದರೆ ‘ಅಲ್-ಜರೀದಾ ಅರ್-ರಸ್ಮಿಯಾ’ ಎಂಬ ರಾಜಪತ್ರದಲ್ಲಿ ಹುಡುಕಿ. ಅದು ಭಾನುವಾರ ಹೊರಡುತ್ತದೆ; ಅಲ್ಲಿ ಕೆಲಸದ ವಾರ ಆರಂಭವಾಗುವುದೂ ಭಾನುವಾರವೇ. ಓದುವಾಗ ಬಾಲದಿಂದ ಓದಿ. ಜಾರಿಯಾಗುವ ದಿನ ಅಡಗಿರುವುದು ಸಾಮಾನ್ಯವಾಗಿ ಫರ್ಮಾನಿನ ಕೊನೆಯ ಸಾಲುಗಳಲ್ಲಿ.

ಆಮೇಲೆ ಸಹಿ

ಎಲ್ಲ ಕಾಗದವೂ ಅರಮನೆಯಿಂದ ಬರುವುದಿಲ್ಲ. ಸಚಿವರ ಆದೇಶಕ್ಕೆ ‘ಕರಾರ್ ವಿಝಾರಿ’ ಎನ್ನುತ್ತಾರೆ. ಇಲ್ಲೊಂದು ಎಡವುಗಲ್ಲಿದೆ. ನಮ್ಮ ‘ಕರಾರು’ ಇದೇ ಅರಬ್ಬಿ ಪದದಿಂದ ಬಂದದ್ದು. ಆದರೆ ನಮಗೆ ಅದು ಒಪ್ಪಂದ, ಅವರಿಗೆ ನಿರ್ಧಾರ. ಉದ್ಯೋಗದ ಒಪ್ಪಂದಕ್ಕೆ ಅಲ್ಲಿಯ ಪದ ‘ಅಕ್ದ್’.

ಕೆಳಗಿನವರ ಸಹಿಯನ್ನು ಹಗುರವಾಗಿ ಎಣಿಸಬೇಡಿ. ಹಳೆಯ ಮಾಲೀಕ ನಿರಾಕ್ಷೇಪಣಾ ಪತ್ರ ಕೊಡದಿದ್ದರೆ ವಿದೇಶಿ ಕೆಲಸಗಾರ ಬೇರೆ ಕಡೆ ಸೇರುವಂತಿರಲಿಲ್ಲ. ಒಪ್ಪಂದದ ಅವಧಿ ಮುಗಿಸಿದವರಿಗೆ 2021ರ ಜನವರಿ 1ರಿಂದ ಆ ಪತ್ರದ ಕಾಟ ತಪ್ಪಿತು. ಸಾವಿರಾರು ಕನ್ನಡಿಗರ ಬದುಕಿಗೆ ತಾಗಿದ ಈ ಬದಲಾವಣೆಯನ್ನು ತಂದದ್ದು ಫರ್ಮಾನೂ ಅಲ್ಲ, ಕಾರ್ಮಿಕ ಸಚಿವರೂ ಅಲ್ಲ. ವಿದೇಶಿಯರ ವಾಸದ ನಿಯಮಗಳನ್ನು ತಿದ್ದಿದ ಪೊಲೀಸ್ ಮುಖ್ಯಸ್ಥರ ಆದೇಶ. ವೀಸಾ, ವಾಸದ ಪರವಾನಗಿ ಪೊಲೀಸರ ಕೈಯಲ್ಲಿವೆ ಎಂಬುದನ್ನು ಅಲ್ಲಿ ಹತ್ತು ವರ್ಷ ದುಡಿದವರೂ ಮರೆಯುವುದುಂಟು.

ಮಸೂದೆಯ ದಾರಿ

ಮಸೂದೆ ಹುಟ್ಟುವುದು ಸಾಮಾನ್ಯವಾಗಿ ಮಂತ್ರಿಮಂಡಲದಲ್ಲಿ. ಅದರ ಮುಖ್ಯಸ್ಥರೂ ಸುಲ್ತಾನರೇ, ಏಕೆಂದರೆ ಪ್ರಧಾನಿ ಹುದ್ದೆಯೂ ಅವರದೇ. ಹಿಂದಿನ ಸುಲ್ತಾನ ಕಾಬೂಸರಂತೂ ಹಣಕಾಸು, ವಿದೇಶಾಂಗ, ರಕ್ಷಣಾ ಖಾತೆಗಳನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಹಣಕಾಸು, ವಿದೇಶಾಂಗಗಳಿಗೆ ಬೇರೆ ಮಂತ್ರಿಗಳು ಬಂದದ್ದು ಅವರ ನಂತರ ಪಟ್ಟಕ್ಕೆ ಬಂದ ಹೈತಮ್ ಸುಲ್ತಾನರ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ.

ಅಲ್ಲಿಂದ ಮಸೂದೆ ಚುನಾಯಿತ ಸದಸ್ಯರ ‘ಮಜ್ಲಿಸ್ ಅಶ್-ಶೂರಾ’ಕ್ಕೆ, ಬಳಿಕ ಸುಲ್ತಾನರೇ ನೇಮಿಸಿದವರ ‘ಮಜ್ಲಿಸ್ ಅದ್-ದೌಲಾ’ಕ್ಕೆ ಹೋಗುತ್ತದೆ. 2011ರಲ್ಲಿ ಸೋಹಾರ್ ಪಟ್ಟಣದಲ್ಲಿ ಜನ ಬೀದಿಗಿಳಿದ ಮೇಲೆ ಮೂಲಶಾಸನಕ್ಕೆ, ಅಂದರೆ ಅಲ್ಲಿಯ ಸಂವಿಧಾನಕ್ಕೆ, ತಿದ್ದುಪಡಿಯಾಗಿ ಈ ಸದನಗಳಿಗೆ ಶಾಸನದಲ್ಲಿ ಪಾಲು ಸಿಕ್ಕಿತು. ಆ ತಿದ್ದುಪಡಿ ಶೂರಾಕ್ಕೆ ಮೂರು ತಿಂಗಳು, ದೌಲಾಕ್ಕೆ 45 ದಿನ ಗಡುವು ಹಾಕಿತು. ಒಮ್ಮತ ಬಾರದಿದ್ದರೆ ಜಂಟಿ ಸಭೆ. ಕೊನೆಗೆ ಕಡತ ಮರಳುವುದು ಸುಲ್ತಾನರ ಮೇಜಿಗೇ.

ಶೂರಾ ಚುನಾವಣೆಯಲ್ಲಿ ಪಕ್ಷಗಳಿಲ್ಲ. 2023ರ ಅಕ್ಟೋಬರ್‌ನಲ್ಲಿ ಮತದಾರರು ಮತಗಟ್ಟೆಯ ಮುಖ ನೋಡದೆ ‘ಅಂತಖಿಬ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಮತ ಹಾಕಿದರು. ಪದದ ಅರ್ಥ ‘ನಾನು ಆರಿಸುತ್ತೇನೆ’. ಆರಿಸಿ ಬಂದ 90 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಶೂರಾದವರು ಸೇವಾ ಖಾತೆಗಳ ಮಂತ್ರಿಗಳನ್ನು ಕರೆಸಿ ಪ್ರಶ್ನಿಸಬಹುದು. ರಕ್ಷಣೆ, ವಿದೇಶಾಂಗದ ಬಾಗಿಲು ಅವರಿಗೆ ಮುಚ್ಚಿದೆ. ಸುಲ್ತಾನರನ್ನು ಹೀಗಳೆದರೆ 2018ರ ದಂಡ ಸಂಹಿತೆಯ ಪ್ರಕಾರ ಮೂರರಿಂದ ಏಳು ವರ್ಷ ಸೆರೆ. ವಾಟ್ಸ್‌ಆ್ಯಪ್ ಹಾಸ್ಯ ಹಂಚುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಸಹಿ ಹಾಕುವವರು ತೀರಿಕೊಂಡರೆ?

ಇಡೀ ಯಂತ್ರ ಒಂದು ಸಹಿಯ ಸುತ್ತ ತಿರುಗುವಾಗ ಈ ಪ್ರಶ್ನೆ ಏಳಲೇಬೇಕು. 1970ರ ಜುಲೈ 23ರಂದು ತಂದೆಯನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದ ಕಾಬೂಸರಿಗೆ ಮಕ್ಕಳಿರಲಿಲ್ಲ. 1996ರ ಮೂಲಶಾಸನದಲ್ಲಿ ಅವರು ಒಂದು ವಿಚಿತ್ರ ಏರ್ಪಾಡು ಬರೆಸಿದರು. ಸಿಂಹಾಸನ ಬರಿದಾದ ಮೂರು ದಿನದೊಳಗೆ ರಾಜಮನೆತನದ ಸಭೆ ಒಬ್ಬರನ್ನು ಆರಿಸಬೇಕು. ಆಗದಿದ್ದರೆ ಸುಲ್ತಾನರು ಬರೆದಿಟ್ಟ ಪತ್ರ ಒಡೆಯಬೇಕು. ಮೊಹರು ಹಾಕಿದ ಲಕೋಟೆಗಳು ದೇಶದ ಎರಡು ಕಡೆ ಇವೆಯೆಂದು ಅವರೇ ಹೇಳಿದ್ದರು. 2020ರ ಜನವರಿ 10ರಂದು ಅವರು ತೀರಿಕೊಂಡಾಗ ಮನೆತನದವರು ಮೂರು ದಿನ ಕಾಯಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಲಕೋಟೆಯನ್ನೇ ಒಡೆಯಿರಿ ಎಂದರು. ಒಳಗಿದ್ದ ಹೆಸರು ಹೈತಮ್ ಬಿನ್ ತಾರಿಕ್.

ಆ ಲಕೋಟೆಯಿಂದ ಗದ್ದುಗೆ ಏರಿದವರೇ ಲಕೋಟೆಯ ಪದ್ಧತಿಗೆ ಕೊನೆ ಹಾಡಿದರು. ಸರಿಯಾಗಿ ಒಂದು ವರ್ಷಕ್ಕೆ, 6/2021ರ ಹೊಸ ಮೂಲಶಾಸನದಲ್ಲಿ, ಪಟ್ಟ ಹಿರಿಯ ಮಗನಿಗೆ ಎಂದು ಬರೆಸಿದರು. ಅವರ ಮಗ ಥಿಯಾಝಿನ್ ದೇಶದ ಮೊದಲ ಯುವರಾಜರಾದರು. ಅಧಿಕಾರ ಹಸ್ತಾಂತರದ ಆತಂಕ ಇದರಿಂದ ಕಡಿಮೆಯಾಯಿತೆಂಬುದು ನಿಜ. ಆದರೂ ಮನೆಯವರೆಲ್ಲ ಕೂತು ಒಬ್ಬರನ್ನು ಆರಿಸುವ ಅವಕಾಶವಿದ್ದ ಹಳೆಯ ವಿಧಿಗೆ ಇನ್ನೊಂದು ಬಗೆಯ ಗಾಂಭೀರ್ಯವಿತ್ತು ಎಂದು ನನಗನ್ನಿಸುತ್ತದೆ.

ಅರಮನೆಯಿಂದ ಊರಿಗೆ

ದೇಶದಲ್ಲಿ 11 ಗವರ್ನರೇಟ್‌ಗಳು, ಅವುಗಳೊಳಗೆ 63 ವಿಲಾಯತ್‌ಗಳು. ವಿಲಾಯತ್‌ಗೆ ನಮ್ಮ ತಾಲೂಕನ್ನು ಹೋಲಿಸಬಹುದು. ಅದರ ಅಧಿಕಾರಿ ‘ವಾಲಿ’, ಚುನಾಯಿತನಲ್ಲ, ನೇಮಕಗೊಂಡವನು. ಅವನ ಕೆಳಗೆ ಸರ್ಕಾರದ ಮಾನ್ಯತೆ ಪಡೆದ ಶೇಖ್‌ಗಳು, ಅವರಿಗೂ ಕೆಳಗೆ ಸಣ್ಣ ಊರುಗಳ ‘ರಶೀದ್’ಗಳು. ಮೂವತ್ತು ಸಾವಿರಕ್ಕಿಂತ ಹೆಚ್ಚು ಒಮಾನಿಗಳಿರುವ ವಿಲಾಯತ್‌ಗೆ ಶೂರಾದಲ್ಲಿ ಎರಡು ಸ್ಥಾನ, ಉಳಿದವಕ್ಕೆ ಒಂದು.

ಫರ್ಮಾನಿನ ಕಾವು ತಗ್ಗುವುದು ‘ಫಲಜ್’ ಹತ್ತಿರ. ನಿಝ್ವಾ ಮುಂತಾದ ಕಡೆ ಖರ್ಜೂರದ ತೋಟಗಳಿಗೆ ನೀರು ತರುವ ಈ ಕಾಲುವೆಗಳಲ್ಲಿ ಐದು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬ ಲೆಕ್ಕವನ್ನು ತಲೆಮಾರುಗಳಿಂದ ಊರವರೇ ಇಟ್ಟುಕೊಂಡು ಬಂದಿದ್ದಾರೆ. ಉಸ್ತುವಾರಿಯವನ ಹೆಸರು ‘ವಕೀಲ್’. ಕೋರ್ಟಿನ ಕರಿಕೋಟು ನೆನೆಯಬೇಡಿ. ನಮ್ಮ ಕೆರೆಯ ನೀರುಗಂಟಿಯನ್ನು ನೆನೆಯಿರಿ.

ಸಂಬಳ ನಿಂತರೆ ಯಾವ ಬಾಗಿಲು?

ವಾಲಿಯ ಬಾಗಿಲಲ್ಲ, ನೇರವಾಗಿ ಕೋರ್ಟೂ ಅಲ್ಲ. ಮೊದಲು ಕಾರ್ಮಿಕ ಸಚಿವಾಲಯಕ್ಕೆ ದೂರು. ಅಲ್ಲಿ ರಾಜಿ ಯತ್ನ. ಅದು ಮುರಿದರೆ ಪ್ರಾಥಮಿಕ ನ್ಯಾಯಾಲಯ, ಮೇಲೆ ಮೇಲ್ಮನವಿ, ಕೊನೆಗೆ ಸುಪ್ರೀಂ ಕೋರ್ಟ್. ಮನೆಗೆಲಸದವರು ಮಾತ್ರ ಇನ್ನೊಂದು ಕಾಗದ ನೋಡಬೇಕು: ಅವರಿಗಾಗಿ ಸಚಿವರ ಪ್ರತ್ಯೇಕ ಆದೇಶವಿದೆ. ಕೋರ್ಟಿನ ಭಾಷೆ ಅರಬ್ಬಿ. ಆದ್ದರಿಂದ ‘ಅಕ್ದ್’ನ ಅರಬ್ಬಿ ಪ್ರತಿಯನ್ನು ಸಹಿ ಹಾಕಿದ ದಿನವೇ ಕೇಳಿ ಪಡೆದು, ಅದರ ಒಂದು ಫೋಟೊವನ್ನು ಊರಿನ ಮನೆಯವರ ಮೊಬೈಲ್‌ಗೂ ಕಳುಹಿಸಿಡಿ.